ಹುಲಿ, ಇಲಿ ಮತ್ತು ನಮ್ಮ ಬಂಟ್ವಾಳದ ಪಂಜೆ ಮೇಷ್ಟ್ರು

ಕಳೆದ ಮೇ ತಿಂಗಳ ರಜೆಯಲ್ಲಿ ಕೊನೆಯ ತಂಗಿಯ ಮಗಳು ಬೆಂಗಳೂರಿನಿಂದ ಊರಿಗೆ ಬಂದಿದ್ದಳು. ನಾಲ್ಕು ವರ್ಷದ ಪೋರಿ. ಅಲ್ಲಿ ಇಂಗ್ಲಿಷ್ ಮೀಡಿಯಮ್ಮಿನ ಎಲ್‌ಕೆಜಿ. ಅಪ್ಪ ಅಮ್ಮ ತಮ್ಮೊಳಗೆ ತುಳು ಮಾತಾಡಿಕೊಂಡರೂ ಅವಳ ಹತ್ತಿರ ಇಂಗ್ಲಿಷೇ. ಹಾಗಾಗಿ ತುಳು ಅರ್ಧಂಬರ್ಧ ಅರ್ಥವಾಗುತ್ತದೆ, ಕನ್ನಡ ಅದಕ್ಕಿಂತಲೂ ಕಡಿಮೆ. ಸಿದ್ಧಕಟ್ಟೆಯ ನಮ್ಮ ಮನೆಯಲ್ಲೋ ತುಳು ಬಿಟ್ಟರೆ ಬೇರೆ ಮಾತಿಲ್ಲ. ನನ್ನ ಅಮ್ಮನಿಗೆ ಗೊತ್ತಿರುವ ಇಂಗ್ಲಿಷ್ ಅಂದರೆ ಬಸ್ಸು, ಕರೆಂಟು, ಬ್ರಾಂಚು. ಬ್ರಾಂಚು ಅಂದರೆ ಬೀಡಿ ಬ್ರಾಂಚು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಜ್ಜಿಗೂ ಮೊಮ್ಮಗಳಿಗೂ ಮೊದಲ ಎರಡು ದಿನ ಮಾತೇ ಹತ್ತಲಿಲ್ಲ. ಇವಳು ಏನೋ ಕೇಳುತ್ತಾಳೆ, ಅವರು ಏನೋ ಕೊಡುತ್ತಾರೆ. ನೀರು ಕೇಳಿದರೆ ಅವಲಕ್ಕಿ ಬರುತ್ತದೆ. ಮೂರನೇ ದಿನ ನಾನು ಬಂಟ್ವಾಳ ಪೇಟೆಯಿಂದ ಬರುವಾಗ ಒಂದು ತೆಳ್ಳಗಿನ ಕನ್ನಡ ಚಿತ್ರಪುಸ್ತಕ ತಂದೆ. ಪುಟಕ್ಕೊಂದು ಚಿತ್ರ, ಕೆಳಗೆ ಎರಡೆರಡು ಪ್ರಾಸದ ಸಾಲು. ಆ ರಾತ್ರಿ ಇಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಎರಡು ಸಲ ಓದಿದೆ. ಅವಳಿಗೆ ಸಾಕಾಗಲಿಲ್ಲ, ಮೂರನೇ ಸಲವೂ ಓದಿಸಿದಳು.

ಮರುದಿನ ಸಂಜೆ ಮನೆಗೆ ಬರುತ್ತೇನೆ, ಜಗಲಿಯಲ್ಲಿ ಇಬ್ಬರೂ ಪುಸ್ತಕ ಬಿಡಿಸಿಕೊಂಡು ಕೂತಿದ್ದಾರೆ. ಅಮ್ಮ ಚಿತ್ರ ನೋಡಿ ರಾಗವಾಗಿ ಸಾಲು ಹೇಳುತ್ತಾರೆ, ಕೊನೆಯ ಶಬ್ದ ಬರುವಾಗ ನಿಲ್ಲಿಸುತ್ತಾರೆ. ಮಗು ಆ ಶಬ್ದವನ್ನು ಕೂಗಿ ಹೇಳುತ್ತದೆ. ಪುಟ ತಿರುಗುತ್ತದೆ. ಹೀಗೆ ಇಡೀ ಪುಸ್ತಕ ಮುಗಿಯಿತು, ಮತ್ತೆ ಮೊದಲಿನಿಂದ ಶುರುವಾಯಿತು.

ಇದರಲ್ಲೇನು ವಿಶೇಷ ಅಂತೀರಾ? ನನ್ನ ಅಮ್ಮನಿಗೆ ಓದಲು ಬರುವುದಿಲ್ಲ. ನಮ್ಮ ಜಿಲ್ಲೆ ಇನ್ನೂ ಮದರಾಸು ರಾಜ್ಯದಲ್ಲಿದ್ದಾಗ ಎರಡನೇ ಕ್ಲಾಸಿನವರೆಗೆ ಶಾಲೆಗೆ ಹೋದವರು. ಆಮೇಲೆ ತಡ್ಪೆ, ಎಲೆ, ನೂಲು ಕೈಗೆ ಬಂತು, ನಲವತ್ತು ವರ್ಷ ಬೀಡಿ ಕಟ್ಟಿದರು, ಕಲಿತ ಅಕ್ಷರ ಕೈಬಿಟ್ಟಿತು. ಮೊಮ್ಮಗಳಿಗೂ ಇನ್ನೂ ಅಕ್ಷರ ಬಂದಿಲ್ಲ. ಓದಲು ಬಾರದ ಇಬ್ಬರು ಕೂತು ಒಂದು ಪುಸ್ತಕವನ್ನು ತಪ್ಪಿಲ್ಲದೆ ಓದಿದರು! ಅದೂ ಇಬ್ಬರಿಗೂ ಮನೆಮಾತಲ್ಲದ ಕನ್ನಡದಲ್ಲಿ.

ಆವತ್ತಿನಿಂದ ಈ ಪ್ರಾಸದ ಚಿತ್ರಪುಸ್ತಕದ ಬೆನ್ನು ಬಿದ್ದೆ. ಹುಡುಕಿದಷ್ಟೂ ದಾರಿ ಬಂದು ಸೇರುತ್ತಿದ್ದದ್ದು ನಮ್ಮ ಆಸುಪಾಸಿಗೇ, ಅಂದರೆ ಮೂಡುಬಿದಿರೆ, ಮಂಜೇಶ್ವರ, ಮಂಗಳೂರು, ಬಂಟ್ವಾಳಕ್ಕೆ.

* * *

ಮೊದಲು ಪ್ರಾಸದ ಕಥೆ. ಈಗ ನಾವು ಪ್ರಾಸ ಅಂದರೆ ಸಾಲಿನ ಕೊನೆ ಹೊಂದುವುದು ಅಂದುಕೊಳ್ಳುತ್ತೇವೆ. ಹಳೆಗನ್ನಡದ ಕವಿಗಳಿಗೆ ಪ್ರಾಸ ಇರುತ್ತಿದ್ದದ್ದು ಸಾಲಿನ ಶುರುವಿನಲ್ಲಿ. ಪದ್ಯದ ಪ್ರತಿ ಪಾದದ ಎರಡನೇ ಅಕ್ಷರ ಒಂದೇ ಇರಬೇಕು. ಹತ್ತನೇ ಶತಮಾನದ ನಾಗವರ್ಮ 'ಛಂದೋಂಬುಧಿ' ಬರೆದ ಕಾಲಕ್ಕೆ ಅದು ಬಿಡಲಾಗದ ನಿಯಮವೇ ಆಗಿತ್ತು. ಮೊದಲು ಓದಿದಾಗ ನನಗೆ ನಗು ಬಂದ ಸಂಗತಿ ಒಂದಿದೆ. ಈ ಪ್ರಾಸಗಳಿಗೆ ಹಿರಿಯರು ಇಟ್ಟ ಆರು ಹೆಸರುಗಳೂ ಪ್ರಾಣಿಗಳದ್ದು! ಮೊದಲ ಅಕ್ಷರ ಹ್ರಸ್ವವಾದರೆ ಸಿಂಹಪ್ರಾಸ, ದೀರ್ಘವಾದರೆ ಗಜಪ್ರಾಸ, ಸೊನ್ನೆ ಇದ್ದರೆ ವೃಷಭಪ್ರಾಸ, ವಿಸರ್ಗ ಇದ್ದರೆ ಅಜಪ್ರಾಸ. ಎರಡನೇ ಅಕ್ಷರಕ್ಕೆ ಬೇರೆ ವ್ಯಂಜನದ ಒತ್ತು ಇದ್ದರೆ ಶರಭಪ್ರಾಸ, ಅದೇ ವ್ಯಂಜನದ ಒತ್ತಾದರೆ ಹಯಪ್ರಾಸ. ಸಿಂಹ, ಆನೆ, ಎತ್ತು, ಆಡು, ಶರಭ, ಕುದುರೆ. ಚಿತ್ರ ಬರೆದರೆ ಅದೇ ಒಂದು ಮಕ್ಕಳ ಪುಸ್ತಕವಾದೀತು.

ಈಗ ಒಂದು ಮಗು ಮೊದಲು ಕಲಿಯುವ ಶಬ್ದಗಳನ್ನು ನೋಡಿ. ಅಮ್ಮ, ಅಪ್ಪ, ಅಜ್ಜ, ಅಕ್ಕ, ಅಣ್ಣ. ಎಲ್ಲವೂ ಎರಡಕ್ಷರದವು, ಎಲ್ಲವೂ ಕುದುರೆಗಳೇ. ಇನ್ನೊಂದು ತಮಾಷೆ ಏನೆಂದರೆ, ಎರಡಕ್ಷರದ ಶಬ್ದದಲ್ಲಿ ಎರಡನೇ ಅಕ್ಷರವೇ ಕೊನೆಯ ಅಕ್ಷರ. ಹಟ್ಟಿ, ರೊಟ್ಟಿ, ಬುಟ್ಟಿ. ಹತ್ತು, ಮುತ್ತು, ತುತ್ತು. ಇಲ್ಲಿ ಹಳೆಯ ಆದಿಪ್ರಾಸವೂ ಇದೆ, ಹೊಸ ಅಂತ್ಯಪ್ರಾಸವೂ ಇದೆ. ಪಂಡಿತರು ಸಾವಿರ ವರ್ಷ ಚರ್ಚೆ ಮಾಡಿದ ಎರಡೂ ಪ್ರಾಸಗಳು ಮಗುವಿನ ಬಾಯಲ್ಲಿ ಜಗಳವಿಲ್ಲದೆ ಒಂದಾಗಿಬಿಡುತ್ತವೆ.

ಹದಿನಾರನೇ ಶತಮಾನದಲ್ಲಿ ನಮ್ಮ ನೆರೆಯ ಮೂಡುಬಿದಿರೆಯ ರತ್ನಾಕರವರ್ಣಿ 'ಭರತೇಶ ವೈಭವ'ವನ್ನು ಬರೆದದ್ದು ಸಾಂಗತ್ಯದಲ್ಲಿ, ಅಂದರೆ ಹಾಡಿಕೊಳ್ಳಲು ಬರುವ ಮಟ್ಟಿನಲ್ಲಿ. ತನ್ನ ಕಾವ್ಯ ಕೇಳಿ ಕನ್ನಡಿಗರು, ತೆಲುಗರು, ತುಳುವರು ತಂತಮ್ಮ ಭಾಷೆಯಲ್ಲಿ ಭೇಷ್ ಅನ್ನಬೇಕು ಅಂತ ಅವನ ಆಸೆ. ತುಳುವರ ಉದ್ಗಾರವನ್ನು ತುಳುವಿನಲ್ಲೇ ಕೊಟ್ಟಿದ್ದಾನೆ. ಮನೆಯಲ್ಲಿ ಒಂದು ಮಾತು, ಹಾಡಿನಲ್ಲಿ ಇನ್ನೊಂದು ಮಾತು ಅನ್ನುವುದು ನಮ್ಮ ಕಡೆ ಎಷ್ಟು ಹಳೆಯದು ನೋಡಿ.

ಇದೇ ಕರಾವಳಿಯ ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಆದಿಪ್ರಾಸವನ್ನು ಬಿಟ್ಟು ಬರೆದರು. ಆಗ ದೊಡ್ಡ ಗಲಾಟೆಯಾಯಿತಂತೆ. ಪ್ರಾಸವಿಲ್ಲದ್ದು ಪದ್ಯವೇ ಅಂತ. ಆದರೆ ದಾರಿ ತೆರೆದುಕೊಂಡಿತು. 1926ರಲ್ಲಿ ಬಿ.ಎಂ.ಶ್ರೀ. ಅವರ 'ಇಂಗ್ಲಿಷ್ ಗೀತಗಳು' ಬಂತು, ಸಾಲಿನ ಕೊನೆಯ ಪ್ರಾಸ ಗಟ್ಟಿಯಾಯಿತು. ಮುಂದೆ ನವ್ಯದವರು ಅದನ್ನೂ ಬಿಟ್ಟರು. ದೊಡ್ಡವರು ಒಂದೊಂದಾಗಿ ಕಳಚಿ ಇಟ್ಟ ಪ್ರಾಸವನ್ನು ಹೆಕ್ಕಿಕೊಂಡು ಕಾಪಾಡಿದವರು ಮಕ್ಕಳು. ಮಕ್ಕಳ ಕೈಗೆ ಅದನ್ನು ಕೊಟ್ಟವರಲ್ಲಿ ಮೊದಲಿಗರು ಬಂಟ್ವಾಳದಲ್ಲಿ ಹುಟ್ಟಿದವರು.

* * *

ಪಂಜೆ ಮಂಗೇಶರಾಯರು ಹುಟ್ಟಿದ್ದು 1874ರ ಫೆಬ್ರವರಿ 22ರಂದು, ಬಂಟ್ವಾಳದಲ್ಲಿ. ನಮ್ಮ ಸಿದ್ಧಕಟ್ಟೆಯಿಂದ ಬಸ್ಸು ಹತ್ತಿದರೆ ಸಿಗುವ ಅದೇ ಬಂಟ್ವಾಳ. ಮನೆಮಾತು ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಸರಕಾರದ್ದು ಇಂಗ್ಲಿಷು. ಮೇಷ್ಟ್ರಾದರು, ಶಾಲೆಗಳ ಸಬ್ ಇನ್‌ಸ್ಪೆಕ್ಟರಾದರು, ಮುಂದೆ ಮಡಿಕೇರಿಯಲ್ಲಿ ಹೈಸ್ಕೂಲು ಮುಖ್ಯೋಪಾಧ್ಯಾಯರಾದರು. ಕೊಡವರ ಮೇಲಿನ 'ಹುತ್ತರಿ ಹಾಡು' ಆ ನಂಟಿನಿಂದಲೇ ಬಂದದ್ದು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದರು. 1937ರಲ್ಲಿ ತೀರಿಕೊಂಡರು. 'ಕವಿಶಿಷ್ಯ' ಅಂತ ಹೆಸರಿಟ್ಟುಕೊಂಡು ಬರೆಯುತ್ತಿದ್ದವರು. ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿ ಮಕ್ಕಳಿಗೆಂದೇ ಪುಸ್ತಕ ತಂದರು.

ಇನ್‌ಸ್ಪೆಕ್ಟರ್ ಬಂದರೆ ಶಾಲೆಗೆ ಶಾಲೆಯೇ ನಡುಗುತ್ತಿದ್ದ ಕಾಲ. ಈ ಇನ್‌ಸ್ಪೆಕ್ಟರು ಹೋದಲ್ಲಿ ಮಕ್ಕಳಿಗೆ ಕಥೆ ಹೇಳುತ್ತಿದ್ದರು ಅಂತ ಹಿರಿಯರು ಬರೆದಿದ್ದಾರೆ. ಹಾಗೆ ಊರೂರು ತಿರುಗಿದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದೆ ಇರಲು ಸಾಧ್ಯವಿಲ್ಲ. ದಕ್ಷಿಣ ಕನ್ನಡದ ಹಳ್ಳಿ ಶಾಲೆಯಲ್ಲಿ ಕೂತ ಮಕ್ಕಳಲ್ಲಿ ಹೆಚ್ಚಿನವರಿಗೆ ಕನ್ನಡ ಮನೆಮಾತಲ್ಲ. ತುಳು, ಕೊಂಕಣಿ, ಬ್ಯಾರಿ, ಮಲಯಾಳ ಮಾತಾಡುವ ಮನೆಗಳಿಂದ ಬಂದವರು. ಅವರ ಮುಂದೆ ವ್ಯಾಕರಣ ಇಟ್ಟರೆ ಓಡುತ್ತಾರೆ. ತಾಳ ಇಟ್ಟರೆ ನಿಲ್ಲುತ್ತಾರೆ. ಅರ್ಥ ನಾಳೆ ಬಂದರೂ ಸಾಕು, ಇವತ್ತು ನಾಲಿಗೆ ಹೊರಳಿದರೆ ಆಯಿತು. ಪಂಜೆಯವರ ಪದ್ಯಗಳನ್ನು ಈ ದೃಷ್ಟಿಯಿಂದ ಓದಿ ನೋಡಿ. ಮೊದಲು ಸದ್ದು ಬರುತ್ತದೆ, ಅರ್ಥ ನಿಧಾನವಾಗಿ ಹಿಂದಿನಿಂದ ಬರುತ್ತದೆ. 'ತೆಂಕಣ ಗಾಳಿಯಾಟ'ದಲ್ಲಿ ಗಾಳಿ ಏನು ಮಾಡಿತು ಅನ್ನುವುದು ತಿಳಿಯುವ ಮೊದಲೇ ಬಾಯಲ್ಲಿ ಗಾಳಿ ಬೀಸಿರುತ್ತದೆ.

'ನಾಗರಹಾವೆ' ಪದ್ಯವನ್ನೇ ತೆಗೆದುಕೊಳ್ಳಿ. ಅದರಲ್ಲಿ ಎರಡನೇ ಅಕ್ಷರದ ಹಳೆಯ ಪ್ರಾಸವೂ ಇದೆ, ಸಾಲಿನ ಕೊನೆಯ ಪ್ರಾಸವೂ ಇದೆ. ಎರಡು ಕಾಲದ ಸೇತುವೆ ಅದು. ಮಗು ಹಾವಿಗೆ ಕೈ ಮುಗಿಯುತ್ತದೆ, ಹಾಲು ಕೊಡುತ್ತೇನೆ ಅನ್ನುತ್ತದೆ. ಬೇರೆ ಕಡೆಯವರಿಗೆ ಇದು ಬರೀ ಒಂದು ಪ್ರಾಣಿಯ ಪದ್ಯ ಅನ್ನಿಸಬಹುದು. ಆದರೆ ಮನೆ ಹಿಂದೆ ನಾಗಬನ ಇರುವ ಊರಿನ ಮಗುವಿಗೆ ಹೆದರಿಕೆ, ಪ್ರೀತಿ, ಭಕ್ತಿ ಮೂರೂ ಒಟ್ಟಿಗೇ ಗೊತ್ತು. ಕನ್ನಡ ಅವನದ್ದಲ್ಲದಿರಬಹುದು, ಹಾವು ಅವನದ್ದೇ.

ಪುಸ್ತಕ ಮುಗಿಸಿ ಅಮ್ಮ ಅವತ್ತು ಮೊಮ್ಮಗಳಿಗೆ ಹೇಳಿಕೊಟ್ಟದ್ದು ಈ ಪದ್ಯವನ್ನೇ. ಎಪ್ಪತ್ತು ವರ್ಷದ ಹಿಂದಿನ ಶಾಲೆಯಿಂದ ಅವರಲ್ಲಿ ಉಳಿದ ಕನ್ನಡ ಅದೊಂದೇ. ಅಕ್ಷರ ಹೋಯಿತು, ಲೆಕ್ಕ ಹೋಯಿತು, ಪದ್ಯ ಹೋಗಲಿಲ್ಲ.

ಪಂಜೆಯವರ ಹಿಂದೆ ಬಂದವರೂ ಇದೇ ದಾರಿ ಹಿಡಿದರು. ಕಾಸರಗೋಡಿನ ಕಯ್ಯಾರ ಕಿಞ್ಞಣ್ಣ ರೈಗಳು (1915-2015) ಮೇಷ್ಟ್ರಾಗಿದ್ದುಕೊಂಡು ಮಕ್ಕಳಿಗೆ ಪದ್ಯ ಬರೆದರು. ಮನೆಮಾತು ತುಳು. 1956ರ ನಂತರ ಅವರ ಊರು ಕೇರಳಕ್ಕೆ ಹೋಯಿತು, ಅಲ್ಲಿ ಕನ್ನಡ ಉಳಿಯಬೇಕಾದರೆ ಮಕ್ಕಳ ಬಾಯಿಂದಲೇ ಶುರುವಾಗಬೇಕು. ಮೂಡುಬಿದಿರೆಯ ಪಳಕಳ ಸೀತಾರಾಮ ಭಟ್ಟರೂ ಮೇಷ್ಟ್ರೇ. 'ಶಿಶು ಸಾಹಿತ್ಯ ಮಾಲೆ' ಅಂತ ಹೆಸರಿಟ್ಟು ತಾವೇ ಮಕ್ಕಳ ಪುಸ್ತಕಗಳನ್ನು ಬರೆದು ಪ್ರಕಟಿಸುತ್ತಾ ಬಂದರು. ಪುತ್ತೂರಿನ ಕಡೆಯ ಬೊಳುವಾರು ಮಹಮದ್ ಕುಂಞಿ ಅವರು ಇಪ್ಪತ್ತನೇ ಶತಮಾನದ ಕನ್ನಡ ಮಕ್ಕಳ ಪದ್ಯಗಳನ್ನು ಆರಿಸಿ 'ತಟ್ಟು ಚಪ್ಪಾಳೆ ಪುಟ್ಟ ಮಗು' ಎಂಬ ಸಂಕಲನ ತಂದರು. ಮೇಷ್ಟ್ರುಗಳು, ಎರಡು ಮೂರು ಭಾಷೆಯ ನಡುವೆ ಬೆಳೆದವರು, ಇವರೇ ಯಾಕೆ ಪ್ರಾಸಕ್ಕೆ ಬಿದ್ದರು ಅನ್ನುವುದಕ್ಕೆ ನನಗೆ ಸಿಕ್ಕಿದ ಉತ್ತರ ಒಂದೇ. ನಮ್ಮದಲ್ಲದ ಭಾಷೆಯೊಳಗೆ ಕಾಲಿಡುವಾಗ ಮೊದಲ ಮೆಟ್ಟಿಲು ಪ್ರಾಸ ಅಂತ ಇವರಿಗೆ ಅನುಭವದಿಂದ ಗೊತ್ತಿತ್ತು.

ಇದೇನು ಕರಾವಳಿಯವರ ಸೊತ್ತಲ್ಲ ಮತ್ತೆ. ಜಿ.ಪಿ. ರಾಜರತ್ನಂ ಬೆಂಗಳೂರಿನಲ್ಲಿ ಪುಟ್ಟ ಮಕ್ಕಳಿಗೆ ಪಾಠ ಹೇಳುವಾಗ ಶುರುಮಾಡಿದ ಪದ್ಯಗಳು 'ತುತ್ತೂರಿ'ಯಾಗಿ ಬಂದವು, ಇಡೀ ಕರ್ನಾಟಕ ಹಾಡಿತು. 1979ರಲ್ಲಿ ತೀರಿಕೊಳ್ಳುವವರೆಗೂ ತನ್ನನ್ನು ಸಾಹಿತ್ಯ ಪರಿಚಾರಕ ಅಂತಲೇ ಕರೆದುಕೊಂಡ ಮನುಷ್ಯ ಅವರು.

* * *

ಹಾಗಾದರೆ ಚಿತ್ರ? ಪ್ರಾಸ ಇಷ್ಟು ಬೇಗ ಸಿಕ್ಕಿದರೂ ಪ್ರಾಸ ಮತ್ತು ಬಣ್ಣದ ಚಿತ್ರ ಒಂದೇ ಪುಟದಲ್ಲಿ ಕನ್ನಡದ ಮಗುವಿಗೆ ಸಿಗಲು ಯಾಕಿಷ್ಟು ತಡವಾಯಿತು? ಇದಕ್ಕೆ ಉತ್ತರ ಅಚ್ಚುಕೂಟದಲ್ಲಿದೆ.

ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಅಚ್ಚುಕೂಟ ಇಟ್ಟದ್ದು 1841ರಲ್ಲಿ. ಮೊದಲು ಇದ್ದದ್ದು ಕಲ್ಲಚ್ಚು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಅಚ್ಚಾದದ್ದೂ ಕಲ್ಲಿನ ಮೇಲೆಯೇ. ಕಲ್ಲಚ್ಚಿನಲ್ಲಿ ಜಿಡ್ಡಿನ ಶಾಯಿಯಿಂದ ಬರೆದದ್ದೆಲ್ಲ ಅಚ್ಚಾಗುತ್ತದೆ, ಅದು ಅಕ್ಷರವೋ ಚಿತ್ರವೋ ಕಲ್ಲಿಗೆ ಗೊತ್ತಿಲ್ಲ. 'ಆ' ಬರೆದ ಕೈ ಪಕ್ಕದಲ್ಲೇ ಆನೆಯನ್ನೂ ಬರೆಯಬಹುದು.

ಆಮೇಲೆ ಸೀಸದ ಮೊಳೆ ಬಂತು. ಪುಸ್ತಕ ಚಂದವಾಯಿತು, ಅಗ್ಗವಾಯಿತು, ಸಾವಿರಗಟ್ಟಲೆ ಅಚ್ಚಾಯಿತು. ಆದರೆ ಅಕ್ಷರ ಮತ್ತು ಚಿತ್ರ ಬೇರೆಯಾದವು. ಅಕ್ಷರವನ್ನು ಮೊಳೆ ಜೋಡಿಸುವವರು ಜೋಡಿಸುತ್ತಾರೆ. ಚಿತ್ರ ಬೇಕಾದರೆ ಬೇರೆ ಬ್ಲಾಕ್ ಮಾಡಿಸಬೇಕು, ಅದಕ್ಕೆ ಬೇರೆ ದುಡ್ಡು. ಬಣ್ಣ ಬೇಕಾದರೆ ಒಂದೊಂದು ಬಣ್ಣಕ್ಕೂ ಒಂದೊಂದು ಬ್ಲಾಕು, ಅದೇ ಹಾಳೆಯನ್ನು ಮತ್ತೆ ಮತ್ತೆ ಯಂತ್ರಕ್ಕೆ ಕೊಡಬೇಕು. ಬಡ ಮಕ್ಕಳಿಗೆ ಕೆಲವೇ ಆಣೆಗೆ ಕೊಡಬೇಕಾದ ಪುಸ್ತಕಕ್ಕೆ ಇದು ಆಗುವ ಮಾತಾ? ಹಾಗಾಗಿ ಪಾಠಪುಸ್ತಕದಲ್ಲಿ ಪದ್ಯದ ತಲೆ ಮೇಲೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಕಪ್ಪು ಚಿತ್ರ ಬಂತು. ಪದ್ಯ ಬಾಯಿಪಾಠಕ್ಕೆ, ಚಿತ್ರ ಅಲಂಕಾರಕ್ಕೆ. ನಮ್ಮ ಅಜ್ಜ ಅಜ್ಜಿಯರ ಕಾಲದ ಕನ್ನಡ ಪ್ರಾಸ ಕಣ್ಣಿನ ಪ್ರಾಸವಾಗದೆ ಕಿವಿಯ ಪ್ರಾಸವಾಗಿಯೇ ಉಳಿದದ್ದಕ್ಕೆ ಇದೂ ಒಂದು ಕಾರಣ.

ಬೇರೆ ಕಡೆಯಲ್ಲಿ ಪದ್ಯವೂ ಚಿತ್ರವೂ ಹೇಗೆ ಕೂಡಿಕೊಂಡವು ಅನ್ನುವುದಕ್ಕೆ ಒಂದು ಚಂದದ ಉದಾಹರಣೆ ಇದೆ, ಅದು ನಮ್ಮ ಕುವೆಂಪು ಅವರಿಗೂ ಸಂಬಂಧಿಸಿದ್ದು. ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಇಲಿ ಹಿಡಿಯುವವನ ಪದ್ಯ ಎಲ್ಲರಿ​ಗೂ ಗೊತ್ತು. ಅದನ್ನು ಅವನು ಬರೆದದ್ದು ವಿಲ್ಲಿ ಮ್ಯಾಕ್‌ರೆಡಿ ಅನ್ನುವ ಕಾಯಿಲೆ ಮಲಗಿದ್ದ ಹುಡುಗನಿಗಾಗಿ. ಆ ಹುಡುಗನಿಗೆ ಚಿತ್ರ ಬರೆಯುವ ಹುಚ್ಚು. ಹಾಸಿಗೆಯಲ್ಲಿ ಕೂತು ಚಿತ್ರ ಬರೆಯಲು ಅವನಿಗೆ ಏನಾದರೂ ಬೇಕು ಅಂತ ಕವಿ ಪ್ರಾಸದ ಕಥೆ ಕಟ್ಟಿಕೊಟ್ಟ. ಚಿತ್ರಕ್ಕಾಗಿಯೇ ಹುಟ್ಟಿದ ಪದ್ಯ ಅದು! ಅದೇ ಕಥೆ ಕನ್ನಡಕ್ಕೆ ಬರುವಾಗ ಕುವೆಂಪು ಊರಿನ ಹೆಸರು ಬೊಮ್ಮನಹಳ್ಳಿ ಮಾಡಿದರು, ಕೊಳಲಿನವನನ್ನು ಕಿಂದರಿಜೋಗಿ ಮಾಡಿದರು. ಇಲಿಗಳ ದಂಡನ್ನು ಪ್ರಾಸದಲ್ಲೇ ಓಡಿಸಿದರು. ಕಣ್ಣ ಮುಂದೆ ಚಿತ್ರ ಇಲ್ಲದಿದ್ದರೂ ಮಕ್ಕಳಿಗೆ ಇಲಿ ಕಾಣುತ್ತಿತ್ತು.

ಆಫ್‌ಸೆಟ್ ಮುದ್ರಣ ನಮ್ಮಲ್ಲಿ ಹಬ್ಬಿದ ಮೇಲೆ ಕಲ್ಲಚ್ಚಿನ ಕಾಲದ ಗೆಳೆತನ ಮತ್ತೆ ಬಂತು ಅನ್ನಬಹುದು. ಅಕ್ಷರವೂ ಚಿತ್ರವೂ ಪುನಃ ಒಂದೇ ಪ್ಲೇಟಿನ ಮೇಲೆ. ದೆಹಲಿಯಲ್ಲಿ 1957ರಲ್ಲಿ ಶುರುವಾದ ನ್ಯಾಷನಲ್ ಬುಕ್ ಟ್ರಸ್ಟ್ 'ನೆಹರು ಬಾಲ ಪುಸ್ತಕಾಲಯ' ಮಾಲೆಯಲ್ಲಿ ಹಲವು ಭಾಷೆಗಳಿಗೆ ಬಣ್ಣದ ಪುಸ್ತಕ ಕೊಟ್ಟಿತು. ನವಕರ್ನಾಟಕದವರು ಮಾರುತ್ತಿದ್ದ ಸೋವಿಯತ್ ಪುಸ್ತಕಗಳು 1991ರಲ್ಲಿ ಆ ದೇಶ ಒಡೆಯುವವರೆಗೂ ಬಂದವು. ಆ ನುಣುಪು ಹಾಳೆ, ಹಿಮ, ಕರಡಿ... ಮೂಸಿ ನೋಡಿದ ನೆನಪು ನಿಮಗೂ ಇರಬಹುದು.

1987ರಲ್ಲಿ ಶುರುವಾದ ಆಪರೇಶನ್ ಬ್ಲ್ಯಾಕ್‌ಬೋರ್ಡ್ ಯೋಜನೆಯಿಂದ ಪ್ರಾಥಮಿಕ ಶಾಲೆಗಳಿಗೂ ಪುಸ್ತಕ ಬಂತು. ನಾನು ಕಲಿತ ಶಾಲೆಗೂ ಬಂದಿತ್ತು. ಮಕ್ಕಳು ಹರಿದುಹಾಕುತ್ತಾರೆ ಅಂತ ಬೀರುವಿನೊಳಗೆ ಬೀಗ ಹಾಕಿ ಇಟ್ಟಿದ್ದರು. ಗಾಜಿನ ಬಾಗಿಲಿನಿಂದ ಕಾಣುತ್ತಿದ್ದ ಒಂದು ಹುಲಿಯ ಮುಖಪುಟವನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ, ಒಳಗೆ ಏನಿತ್ತು ಅಂತ ಇವತ್ತಿಗೂ ಗೊತ್ತಿಲ್ಲ. ಮೇಷ್ಟ್ರನ್ನು ಬೈಯುವುದೂ ಕಷ್ಟ. ಹರಿದರೆ ಲೆಕ್ಕ ಕೊಡಬೇಕಾದವರು ಅವರೇ. ಆದರೆ ಹರಿಯದ ಮಕ್ಕಳ ಪುಸ್ತಕ ಅಂದರೆ ಯಾರೂ ಓದದ ಪುಸ್ತಕ, ಅಲ್ವಾ?

* * *

ಬಣ್ಣ ಬಂತು ಸರಿ, ಜೊತೆಗೆ ಒಂದು ಹೊಸ ತೊಂದರೆಯೂ ಬಂತು. ಒಂದೇ ಚಿತ್ರಪುಸ್ತಕವನ್ನು ಹಲವು ಭಾಷೆಯಲ್ಲಿ ಅಚ್ಚು ಮಾಡುವಾಗ ಬಣ್ಣದ ಪ್ಲೇಟುಗಳು ಎಲ್ಲರಿಗೂ ಒಂದೇ. ಅಕ್ಷರ ಇರುವ ಕಪ್ಪು ಪ್ಲೇಟು ಮಾತ್ರ ಭಾಷೆಗೆ ತಕ್ಕಂತೆ ಬದಲು. ಇದರಿಂದ ಬೆಲೆ ಇಳಿಯುತ್ತದೆ. ಆದರೆ ಅನುವಾದ ಮಾಡುವವರ ಕೈ ಕಟ್ಟಿಹೋಗುತ್ತದೆ. ಚಿತ್ರದಲ್ಲಿ ಏನಿದೆಯೋ ಅದನ್ನೇ ಹೇಳಬೇಕು, ಇರುವ ಜಾಗದಲ್ಲೇ ಹೇಳಬೇಕು. ಕಥೆಗೆ ಇದು ಪರವಾಗಿಲ್ಲ, ಪ್ರಾಸಕ್ಕೆ ಪ್ರಾಣಸಂಕಟ.

ಯಾಕೆಂದರೆ ಪ್ರಾಸದ ಪುಸ್ತಕದಲ್ಲಿ ಕಥೆ ಕಟ್ಟುವುದು ಭಾಷೆಯೇ. ಅಮೆರಿಕದ ಡಾ. ಸ್ಯೂಸ್ 1957ರಲ್ಲಿ ಒಂದು ಪುಸ್ತಕ ಬರೆದರು. ಓದಲು ಕಲಿಯುವ ಮಕ್ಕಳಿಗೆ ಕೊಡುವ ಪುಸ್ತಕಗಳು ಸಪ್ಪೆ ಅಂತ ದೂರು ಇತ್ತು. ಸಣ್ಣ ಶಬ್ದಪಟ್ಟಿಯೊಳಗೇ ಬರೆಯಬೇಕು ಅಂತ ಪ್ರಕಾಶಕರ ಕರಾರು. ಪಟ್ಟಿಯಲ್ಲಿ ಮೊದಲು ಸಿಕ್ಕ ಎರಡು ಪ್ರಾಸದ ಶಬ್ದಗಳನ್ನೇ ಹೆಸರು ಮಾಡಿದೆ ಅಂತ ಅವರೇ ಹೇಳಿಕೊಂಡಿದ್ದಾರೆ. ಕ್ಯಾಟ್ ಮತ್ತು ಹ್ಯಾಟ್. ಇಡೀ ಪುಸ್ತಕದಲ್ಲಿ ಬಳಸಿದ್ದು 236 ಬೇರೆ ಬೇರೆ ಶಬ್ದ ಮಾತ್ರ. ಇಂಗ್ಲಿಷಿನ ಬೆಕ್ಕು ಟೊಪ್ಪಿ ಹಾಕಿಕೊಂಡದ್ದು ಪ್ರಾಸದ ದೆಸೆಯಿಂದ. ಅದನ್ನು ಕನ್ನಡಕ್ಕೆ ತಂದರೆ ಬೆಕ್ಕಿಗೂ ಟೊಪ್ಪಿಗೂ ಏನು ಸಂಬಂಧ? ಕನ್ನಡದ ಬೆಕ್ಕು ಏನು ಮಾಡುತ್ತದೆ ಅಂತ ಕನ್ನಡವನ್ನೇ ಕೇಳಿ. ಬೆಕ್ಕು ನೆಕ್ಕುತ್ತದೆ. ಹಾಲು ನೆಕ್ಕಿ ಸಿಕ್ಕಿಬೀಳುತ್ತದೆ, ಸಿಕ್ಕಿಬಿದ್ದರೂ ಸೊಕ್ಕು ಬಿಡುವುದಿಲ್ಲ. ನೋಡಿ, ನಾವೇನೂ ಮಾಡದೆ ಅರ್ಧ ಕಥೆ ಆಗಿಹೋಯಿತು.

ಇನ್ನು ಹುಲಿ ಮತ್ತು ಇಲಿ. ಕನ್ನಡದಲ್ಲಿ ಕಾಡಿನ ದೊಡ್ಡ ಪ್ರಾಣಿಗೂ ಅಡುಗೆಮನೆಯ ಸಣ್ಣ ಪ್ರಾಣಿಗೂ ಪ್ರಾಸ. ತುಳುವಿನಲ್ಲಿ ಏನು? ಪಿಲಿ, ಎಲಿ. ಅಲ್ಲೂ ಪ್ರಾಸ! ಮಲಯಾಳದಲ್ಲಿ ಪುಲಿ, ಎಲಿ. ತಮಿಳಿನಲ್ಲೂ ಅದೇ. ಒಂದು ಕನ್ನಡ ಪುಟದಲ್ಲಿ ಹುಲಿಯನ್ನೂ ಇಲಿಯನ್ನೂ ಒಟ್ಟಿಗೆ ಬರೆದರೆ ನಮ್ಮ ಮಕ್ಕಳು ಯಾವ ಬಾಗಿಲಿನಿಂದ ಒಳಗೆ ಬಂದರೂ ಪ್ರಾಸ ಸಿಗುತ್ತದೆ. ಪಿಲಿವೇಷ ನೋಡಿ ಬೆಳೆದ ಮಗುವಿಗೆ ಹುಲಿಯ ಚಿತ್ರ ಯಾರೂ ವಿವರಿಸಬೇಕಾಗಿಲ್ಲ. ಚಿತ್ರ ನೋಡಿ ಪಿಲಿ ಅನ್ನುತ್ತದೆ, ಪದ್ಯ ಕೇಳಿ ಹುಲಿ ಅನ್ನುತ್ತದೆ, ಎರಡೂ ಒಂದೇ ಅಂತ ತಾನೇ ಕಂಡುಕೊಳ್ಳುತ್ತದೆ. ಇಂಗ್ಲಿಷಿನಿಂದ, ಹಿಂದಿಯಿಂದ ಬಂದ ಪುಸ್ತಕದಲ್ಲಿ ಈ ಜೋಡಿ ಹುಟ್ಟುವುದು ಕಷ್ಟ. ಅಲ್ಲಿ ಹುಲಿಗೂ ಇಲಿಗೂ ಪ್ರಾಸವಿಲ್ಲ, ಹಾಗಾಗಿ ಅವು ಒಂದೇ ಪುಟದಲ್ಲಿ ಭೇಟಿಯಾಗಲು ಕಾರಣವೂ ಇಲ್ಲ.

ಕನ್ನಡ ಲಿಪಿಯದ್ದೂ ಒಂದು ಉಪಕಾರ ಇದೆ. ಕಿವಿಗೆ ಪ್ರಾಸವಾದದ್ದು ನಮ್ಮಲ್ಲಿ ಕಣ್ಣಿಗೂ ಪ್ರಾಸ. ಹುಲಿಯಲ್ಲೂ 'ಲಿ', ಇಲಿಯಲ್ಲೂ ಅದೇ 'ಲಿ'. ಇಂಗ್ಲಿಷಿನಲ್ಲಿ ಬೇರ್ ಮತ್ತು ಹೇರ್ ಕಿವಿಗೆ ಒಂದೇ, ಬರೆದರೆ ಬೇರೆ ಬೇರೆ. ಆಕ್ಸ್‌ಫರ್ಡಿನ ಲಿನೆಟ್ ಬ್ರಾಡ್ಲಿ ಮತ್ತು ಪೀಟರ್ ಬ್ರಯಂಟ್ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಾಸದ ಶಬ್ದಗಳನ್ನು ಗುರುತಿಸಬಲ್ಲ ಪುಟ್ಟ ಮಕ್ಕಳು ಮುಂದೆ ಓದುವುದರಲ್ಲೂ ಮುಂದಿದ್ದರು. ಅದು ಇಂಗ್ಲಿಷ್ ಮಕ್ಕಳ ಮಾತು. ಕನ್ನಡದಲ್ಲಿ ಕಲಿಯಬೇಕಾದ ಕಾಗುಣಿತ, ಒತ್ತು ಎಲ್ಲ ಸೇರಿದರೆ ರಾಶಿ ಆಗುತ್ತದೆ. ಒಂದೆರಡು ವರ್ಷದಲ್ಲಿ ಮುಗಿಯುವ ಕೆಲಸವೂ ಅಲ್ಲ. ಆ ರಾಶಿಯಲ್ಲಿ ಒಂದೇ ಅಕ್ಷರ ಒಂದೇ ಸದ್ದಿನೊಂದಿಗೆ ಸಾಲು ಸಾಲಿಗೂ ಅದೇ ಜಾಗದಲ್ಲಿ ಬಂದು ಕೂತರೆ ಮಗುವಿಗೆ ಎಷ್ಟು ಹಗುರ!

ಇದೆಲ್ಲ ಸರಕಾರದವರಿಗೆ ಗೊತ್ತಿಲ್ಲದ್ದೇನಲ್ಲ. 1975ರ ಅಕ್ಟೋಬರ್ 2ರಂದು ಶುರುವಾದ ಅಂಗನವಾಡಿಗಳು ನಡೆದು ಬಂದದ್ದೇ ಟೀಚರುಗಳ ಅಭಿನಯ ಗೀತೆಗಳಿಂದ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿ-ಕಲಿಯಲ್ಲಿ ಹಾಡೂ ಇದೆ, ಚಿತ್ರದ ಕಾರ್ಡೂ ಇದೆ. 2004ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರಥಮ್ ಬುಕ್ಸ್ ಕಡಿಮೆ ಬೆಲೆಗೆ ಬಣ್ಣದ ಪುಸ್ತಕ ಕೊಟ್ಟಿತು. 2015ರಿಂದ ಅವರ ಸ್ಟೋರಿವೀವರ್ ತಾಣದಲ್ಲಿ ಚಿತ್ರಪುಸ್ತಕಗಳು ಪುಕ್ಕಟೆಯಾಗಿ ಸಿಗುತ್ತವೆ. ಬೆಲೆಯ ತೊಂದರೆ ಹೀಗೆ ಬಹುಮಟ್ಟಿಗೆ ಕಳೆಯಿತು. ಉಳಿದದ್ದು ಪ್ರಾಸದ ತೊಂದರೆ. ಕನ್ನಡದಲ್ಲೇ ಹುಟ್ಟಿ, ಆಮೇಲೆ ಚಿತ್ರ ಬರೆಸಿಕೊಂಡ ಪುಸ್ತಕಗಳು ನನ್ನ ಕೈಗೆ ಸಿಕ್ಕಿದ್ದು ಬಹಳ ಕಡಿಮೆ. ಚಿತ್ರ ಮೊದಲೇ ಬಂದು, ಕನ್ನಡ ಹಿಂದಿನಿಂದ ಹತ್ತಿ ನಿಂತ ಪುಸ್ತಕಗಳೇ ಹೆಚ್ಚು. ಅಂಥದ್ದರಲ್ಲಿ ಪ್ರಾಸ ಅಂದರೆ ಸಾಲಿನ ಕೊನೆಗೆ ಬಂತು, ಹೋಯ್ತು, ಆಯ್ತು. ಕ್ರಿಯಾಪದ ಕೊನೆಗೆ ಬರುವ ನಮ್ಮ ಭಾಷೆಯಲ್ಲಿ ಅದು ತೀರಾ ಸೋವಿ ಪ್ರಾಸ. ಮಕ್ಕಳು ಒಂದು ಸಲ ಕೇಳಿ ಬಿಡುತ್ತಾರೆ, ಇನ್ನೊಂದು ಸಲ ಓದಿಸುವುದಿಲ್ಲ.

* * *

ಯಾಕೆ ಇಷ್ಟೆಲ್ಲ ತಲೆ ಕೆಡಿಸಿಕೊಂಡೆ ಅಂತ ಹೇಳಿ ಮುಗಿಸುತ್ತೇನೆ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಸರಕಾರ ಕಡ್ಡಾಯ ಮಾಡುವಂತಿಲ್ಲ ಅಂತ ತೀರ್ಪು ಕೊಟ್ಟಿತು. ಸರಿಯೋ ತಪ್ಪೋ, ಆ ಚರ್ಚೆ ಬೇರೆ. ಆದರೆ ಒಂದು ಕಾಲದಲ್ಲಿ ನಮ್ಮ ತುಳುನಾಡಿನ ಮಕ್ಕಳಿಗೆ ಮಾತ್ರ ಇದ್ದ ಪರಿಸ್ಥಿತಿ ಈಗ ಬೆಂಗಳೂರಿನ, ಮೈಸೂರಿನ ಎಷ್ಟೋ ಮಕ್ಕಳಿಗೂ ಬಂದಿದೆ. ಕನ್ನಡ ಅವರಿಗೆ ಹೊರಗಿನಿಂದ ಬರಬೇಕಾದ ಭಾಷೆ. ಪರದೇಶದಲ್ಲಿರುವ ನಮ್ಮವರ ಮಕ್ಕಳ ಕಥೆಯೂ ಅದೇ. ಅವರಿಗೆಲ್ಲ ಕನ್ನಡದ ಹಿರಿಮೆ, ಎರಡು ಸಾವಿರ ವರ್ಷದ ಇತಿಹಾಸ ಅಂತ ಭಾಷಣ ಮಾಡಿದರೆ ಕೇಳುತ್ತಾರಾ? ನೂರು ವರ್ಷದ ಹಿಂದೆ ಒಬ್ಬರು ಸಬ್ ಇನ್‌ಸ್ಪೆಕ್ಟರು ಇದೇ ಸಮಸ್ಯೆಯನ್ನು ನೋಡಿ ಮಕ್ಕಳಿಗೊಂದು ಹಾವಿನ ಪದ್ಯ ಬರೆದರು. ನಮಗೆ ದಾರಿ ಗೊತ್ತಿಲ್ಲ ಅನ್ನುವ ಹಾಗಿಲ್ಲ.

ರಷ್ಯದ ಮಕ್ಕಳ ಕವಿ ಕೊರ್ನೇಯ್ ಚುಕೋವ್‌ಸ್ಕಿ 'ಎರಡರಿಂದ ಐದರವರೆಗೆ' ಅನ್ನುವ ಪುಸ್ತಕದಲ್ಲಿ, ಮಾತು ಕಲಿಯುವ ವಯಸ್ಸಿನ ಪ್ರತಿ ಮಗುವೂ ಪ್ರಾಸ ಕಟ್ಟುತ್ತದೆ ಅನ್ನುತ್ತಾನೆ. ಓದಿದಾಗ ಸ್ವಲ್ಪ ಅತಿ ಅನ್ನಿಸಿತ್ತು.

ರಜೆ ಮುಗಿದು ತಂಗಿಯ ಮಗಳು ಹೊರಡುವ ದಿನ. ಪುಸ್ತಕದ ಬೆನ್ನು ಆಗಲೇ ಕಿತ್ತು ಬಂದಿತ್ತು, ಒಂದು ಪುಟ ಹರಿದಿತ್ತು. ಬಸ್ಸಿಗೆ ಕಾಯುವಾಗ ಪುಸ್ತಕದ ಹುಲಿಯ ಮೇಲೆ ಬೆರಳಿಟ್ಟು ಅಜ್ಜಿಗೆ ಹೇಳಿದಳು:

"ಪಿಲಿ ಬತ್ತ್ಂಡ್, ಎಲಿ ಪೋಂಡ್!"

ಹುಲಿ ಬಂತು, ಇಲಿ ಹೋಯಿತು. ಪುಸ್ತಕದಲ್ಲಿ ಆ ಸಾಲು ಇಲ್ಲ, ಇಲಿಯ ಚಿತ್ರವೂ ಇಲ್ಲ. ಅಮ್ಮ ನನ್ನ ಮುಖ ನೋಡಿ, "ಇದು ಯಾವ ಪುಟದ್ದು ಮಾರಾಯ?" ಅಂತ ಕೇಳಿದರು. ಯಾವ ಪುಟದ್ದೂ ಅಲ್ಲ ಅಂದೆ.

ಈಗ ಫೋನಿನಲ್ಲಿ ಅಜ್ಜಿ ಒಂದು ಶಬ್ದ ಹೇಳುವುದು, ಮೊಮ್ಮಗಳು ಅದಕ್ಕೆ ಪ್ರಾಸ ಹುಡುಕುವುದು ನಡೆದಿದೆ. ಕನ್ನಡವೋ ತುಳುವೋ, ಸಿಕ್ಕಿದ್ದು. ನೀರು ಕೇಳಿದರೆ ಅವಲಕ್ಕಿ ಕೊಡುವ ಕಾಲ ಮುಗಿದಿದೆ.

ನಿಮ್ಮ ಮನೆಯ ಹಿರಿಯರಿಗೆ ಶಾಲೆಯ ಯಾವ ಪದ್ಯ ಇನ್ನೂ ನೆನಪಿದೆ, ಒಂದು ಸಲ ಕೇಳಿ ನೋಡಿ. ನಿಮ್ಮ ಕಡೆ ಹುಲಿಗೂ ಇಲಿಗೂ ಏನು ಹೇಳುತ್ತಾರೆ ಅಂತಲೂ ತಿಳಿಸಿ. ಕಾಯುತ್ತಿರುತ್ತೇನೆ.